ಸುಣ್ಣದ ಬೊಟ್ಟಿಟ್ಟ ಕರಬೂಜ

ರೊಳ್ಳ,
೧೯೩೬ನೇ ಇಸವಿ ಮೇ ೧೪

ಯಜಮಾನರ ಪಾದಗಳಿಗೆ ಓಬಳಮ್ಮನ ನಮಸ್ಕಾರ.

ರಾಯದುರ್ಗದ ಬಿಸಿಲಿಗೆ ನಿಮ್ಮ ತಲೆನೋವು ಹೇಗಿದೆ? ಅಂಗಡಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ? ಅತ್ತೆಯ ಮಂಡಿನೋವು ಕಡಿಮೆಯಾಗಿದೆ. ಎಮ್ಮೆ ಕರು ಹಾಕಿದೆ. ಕ್ಷೇಮ ಸಮಾಚಾರ ಇಷ್ಟೇ. ಇನ್ನು ಬರೆಯುವುದೆಲ್ಲ ಕೋಪದಲ್ಲಿ ಬರೆಯುತ್ತಿದ್ದೇನೆ, ಹಾಗೆಂದೇ ಓದಿ.

ಹೋದ ವಾರ ನಾನು ನೀರಿಗೆ ಹೋಗಿದ್ದಾಗ ಹಿತ್ತಲಿನ ಬಳ್ಳಿಯಿಂದ ಸುಣ್ಣದ ಬೊಟ್ಟಿಟ್ಟ ಕರಬೂಜವನ್ನು ಕಿತ್ತುಕೊಂಡು ಬಸ್ಸು ಹತ್ತಿದವರು ನೀವೇ ಎಂದು ನಿಮ್ಮ ಕಾಗದ ಬಂದಮೇಲೆ ತಿಳಿಯಿತು. ಅಷ್ಟರಲ್ಲಿ ಪಾಪ, ಪಕ್ಕದ ಮನೆ ಚಿತ್ತಮ್ಮನ ಮೇಲೆ ಕೂಗಾಡಿದ್ದೆ. ದೃಷ್ಟಿಗೆಂದು ಬೊಟ್ಟಿಟ್ಟಿದ್ದಾಳೆ, ಇದೇ ಒಳ್ಳೆಯ ಹಣ್ಣಿರಬೇಕು ಎಂದುಕೊಂಡಿರಂತೆ. ದೃಷ್ಟಿಗೆ ಬೊಟ್ಟಿಡುವುದು ನಿಮ್ಮ ಕಡೆ. ನನ್ನ ತವರು ಹೇಮಾವತಿಯಲ್ಲಿ ಬೊಟ್ಟಿಟ್ಟದ್ದು ಬೀಜಕ್ಕೆ ಬಿಟ್ಟ ಹಣ್ಣು, ಹಸಿದ ಮಗುವೂ ಮುಟ್ಟುವುದಿಲ್ಲ. ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಅಮ್ಮ ಸಾಯುವ ಮುಂಚೆ ಬೂದಿಯಲ್ಲಿ ಕಲಸಿ ಕೊಟ್ಟ ಬೀಜ ಅವು. ಅವಳ ಹಿತ್ತಲಿಗೆ ಅಣ್ಣ ಆಗಲೇ ಹಿಪ್ಪುನೇರಳೆ ಹಾಕಿಬಿಟ್ಟ. ಇಲ್ಲಿ ಇಲಿ ತಿಂದು ಉಳಿದ ಒಂದೇ ಬಳ್ಳಿಗೆ ಬಚ್ಚಲ ನೀರು ಹಾಯಿಸಿ ಬೆಳೆಸಿದೆ. ಮೊದಲ ನಾಲ್ಕು ಹಣ್ಣನ್ನು ನೀವೂ ಅತ್ತೆಯೂ ಬೆಲ್ಲ ಹಾಕಿಕೊಂಡು ತಿಂದಿರಿ, ಮನೆಯೆಲ್ಲ ಘಮಘಮ ಅಂದಿತು, ನನಗೂ ಸಂತೋಷವಾಯಿತು. ಬೀಜದ್ದು ಬಳ್ಳಿಯಲ್ಲೇ ಇದೆಯಲ್ಲ ಎಂಬ ಧೈರ್ಯದಲ್ಲಿ ಅವುಗಳ ಬೀಜವನ್ನು ಕೋಳಿಗೆ ಎರಚಿದೆ. ಆ ನನ್ನ ಕೈಗೂ ಬುದ್ಧಿಯಿಲ್ಲ.

ನೀವು ಕಾಣಿಕೆ ಕೊಟ್ಟ ಆ ಹಣ್ಣನ್ನು ನಿಮ್ಮ ಅಂಗಡಿ ಸಾಹುಕಾರರು ತಿಂದು “ಭಾಳ ಚಲೋ ಐತ್ರಿ, ಬರೋ ವರ್ಷ ಎರಡು ತರ್ರಿ” ಅಂದರಂತೆ. ತನ್ನಿ. ಎಲ್ಲಿಂದ ತರುತ್ತೀರಿ? ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಅನ್ನುವ ಗಾದೆಯನ್ನು ನಿಮ್ಮನ್ನು ನೋಡಿಯೇ ಕಟ್ಟಿರಬೇಕು. ನಿಮ್ಮ ತಾಯಿ “ಹೋಗ್ಲಿ ಬಿಡಮ್ಮಿ, ಒಂದು ಹಣ್ಣಿಗೆ ಇಷ್ಟು ರಂಪ ಯಾಕೆ” ಅನ್ನುತ್ತಾರೆ. ಅವರಿಗೆ ಅನ್ನ ಬಡಿಸುತ್ತೇನೆ, ಮಾತಾಡುವುದಿಲ್ಲ.

ಬಿಸಿಲಲ್ಲಿ ತಿರುಗಬೇಡಿ. ಕೋಪ ಬೇರೆ, ನಿಮ್ಮ ಆರೋಗ್ಯ ಬೇರೆ.

ನಿಮ್ಮವಳು ಎಂದು ಈ ಸಲ ಬರೆಯುವುದಿಲ್ಲ,
ಓಬಳಮ್ಮ

ಮೇಲೆ ಬರೆಯದೆ ಬಿಟ್ಟದ್ದು: ಬೀಜ ಎಲ್ಲಿ ಎಸೆದರು ಎಂದು ಸಾಹುಕಾರರ ಹೆಂಡತಿಯನ್ನು ಕೇಳಿ. ತಿಪ್ಪೆಯಲ್ಲಿದ್ದರೆ ತಿಪ್ಪೆ ಕೆದಕಿ. ಮಳೆ ಬೀಳುವ ಮುಂಚೆ ನೋಡಿ, ಒಂದು ಸಿಕ್ಕರೂ ಸಾಕು. ನಿಮಗೆ ನಾಚಿಕೆಯಾದರೆ ತಿಳಿಸಿ, ನಾನೇ ಬಂದು ಕೆದಕುತ್ತೇನೆ. ಅಮ್ಮನ ಕೈಯದು ಅಂತ ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ.