ಸಿಹಿನೀರಿಗೆ ಒಗ್ಗಿದ ಮೀನು

ಮನೆಯಿಂದ,
ಆಗಸ್ಟ್ ೧೬, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ತಾಯಿಯ ಕೈ ಊಟ ಉಂಡು ನಿನ್ನ ಮುಖಕ್ಕೆ ಒಂದಿಷ್ಟು ಕಳೆ ಬಂದಿರಬೇಕು. ಇಲ್ಲಿ ನನಗೆ ಮಂಡಿಗಳೆರಡನ್ನು ಬಿಟ್ಟರೆ ಬೇರೆ ಶತ್ರುಗಳಿಲ್ಲ. ಎಂಟು ದಿನಕ್ಕೆಂದು ಹೋದವಳು ಎರಡು ತಿಂಗಳಾದರೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ, ಅತ್ತೆಯ ಕಾಗದವಾದರೆ ಓದದೆ ಇರಲಾರಳು ಎಂದು ನಿನ್ನ ಗಂಡ ನನ್ನನ್ನು ಅಂಗಡಿಯಲ್ಲಿ, ಗಾಜು ಕತ್ತರಿಸುವ ಮೇಜಿನ ಮುಂದೆ ಕೂರಿಸಿದ್ದಾನೆ. ಬರೆದಾದ ಮೇಲೆ ಅವನು ಒಮ್ಮೆ ಓದಿ ನೋಡುತ್ತಾನಂತೆ. ಐದನೇ ಕ್ಲಾಸಿನ ಮೇಷ್ಟ್ರ ನಂತರ ನನ್ನ ಬರವಣಿಗೆ ತಿದ್ದುವವನು ಇವನೇ, ಅದಕ್ಕೇ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಕಾಲ ಮಗನದೇ. ತಮಾಷೆಗೆ ಬರೆದೆ ಮಗನೇ, ಇದನ್ನು ಹೊಡೆದುಹಾಕಬೇಡ.

ಮನೆಯೇನೋ ಇದ್ದ ಹಾಗೇ ಇದೆ. ಬೆಳಿಗ್ಗೆ ಎದ್ದು ಅಂಗಡಿಯ ಗಾಜಿನ ಚೂರು ಗುಡಿಸುತ್ತೇನೆ, ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುತ್ತೇನೆ. ನಿನ್ನ ಸ್ಟೂಲು ಅಲ್ಲೇ ಇದೆ, ಅದರ ಮೇಲೆ ಈಗ ಈರುಳ್ಳಿ ಬುಟ್ಟಿ ಕೂತಿದೆ. ಈರುಳ್ಳಿ ನಿನ್ನ ಹಾಗೆ ನನ್ನ ಕನ್ನಡಕ ಕಸಿದು ಒರೆಸಿಕೊಡುವುದಿಲ್ಲ, ಪಕ್ಕದ ಮನೆಯವರ ನಡಿಗೆಯನ್ನು ಅಣಕಿಸಿ ನಗಿಸುವುದಿಲ್ಲ. ಮೊನ್ನೆ ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ, ಎರಡನ್ನೂ ನಾನೇ ಕುಡಿದೆ.

ಮುಖ್ಯ ವಿಷಯ ನಿನ್ನ ಮೀನಿನದು. ಅದನ್ನು ಮರೆಯದೆ ಬರೆ ಎಂದು ಅವನೇ ಹೇಳಿದ. ಮದುವೆಯಾದ ವರ್ಷ ಸಮುದ್ರದ ದಂಡೆಯ ತವರಿನಿಂದ ಡಬ್ಬಿಯೊಳಗೆ ಹಾಕಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಮೀನು ಅದು. ಮೈಮೇಲಿನ ಕಪ್ಪು ಪಟ್ಟಿ, ಇಡೀ ದಿನ ಗಸ್ತು ತಿರುಗುವ ಗತ್ತು ನೋಡಿ ನಾನೇ ಅದಕ್ಕೆ ದಫೇದಾರ ಎಂದು ಹೆಸರಿಟ್ಟೆ. ನೀನು ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಉಪ್ಪು ಕದಡಿ, ಉಪ್ಪು ಅಳೆಯುವ ಗಾಜಿನ ಕೊಳವೆ ಇಳಿಬಿಟ್ಟು, ಕೆಂಪು ಗೆರೆಗೆ ಬಂತೇ ಎಂದು ಬಗ್ಗಿ ನೋಡುತ್ತಿದ್ದೆ. ನೀನು ಹೋದ ಮೇಲೆ ಎರಡು ವಾರ ನಾನೂ ಹಾಗೇ ಮಾಡಿದೆ. ಆಮೇಲೆ ಇವನು ಇದೆಲ್ಲ ಯಾವ ತಲೆನೋವು ಎಂದ. ಉಪ್ಪು ಕೂತು ಅದರ ತೊಟ್ಟಿಯ ಕಬ್ಬಿಣದ ಸ್ಟ್ಯಾಂಡು ತುಕ್ಕು ಹಿಡಿದಿದೆ, ಗಿರಾಕಿಗಳು ನೋಡಲೆಂದು ಅಂಗಡಿಯಲ್ಲಿಟ್ಟ ತೊಟ್ಟಿಯಲ್ಲಿ ನಲವತ್ತು ಮೀನು ಸಿಹಿನೀರಿನಲ್ಲಿ ಸುಖವಾಗಿಲ್ಲವೇ, ಇದೊಂದಕ್ಕೆ ಏನು ದೊಡ್ಡಸ್ತಿಕೆ ಎಂದ. ಒಮ್ಮೆಲೇ ಬೇಡ, ದಿನಕ್ಕೊಂದು ಚೊಂಬು ಉಪ್ಪುನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು ಹಾಕುತ್ತಾ ಬಾ, ಅದಕ್ಕೆ ಗೊತ್ತೇ ಆಗುವುದಿಲ್ಲ ಎಂದ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸುವವಳಲ್ಲವೇ ನಾನು, ಸರಿಯೆಂದೇ ತೋರಿತು. ಒಂದು ತಿಂಗಳು ತಪ್ಪದೆ ಹಾಕಿದೆ. ಈಗ ದಫೇದಾರ ಅಂಗಡಿಯ ದೊಡ್ಡ ತೊಟ್ಟಿಯಲ್ಲಿದ್ದಾನೆ. ಚೆನ್ನಾಗಿ ಒಗ್ಗಿಕೊಂಡಿದ್ದಾನೆ. ಮೈ ದುಂಡಗಾಗಿದೆ. ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ, ಒಂದು ಮೂಲೆಯಲ್ಲಿ ತನ್ನ ಪಾಡಿಗೆ ತಾನಿರುತ್ತಾನೆ. ಮೀನೇ ಕಲಿತ ಮೇಲೆ ಮನುಷ್ಯರಿಗೆ ಏನು ಕಷ್ಟ ಎಂದು ಬರೆ ಎಂದ, ಬರೆದಿದ್ದೇನೆ.

ನಿನ್ನ ಗಂಡನಿಗೆ ಈಗ ಕೋಪವಿಲ್ಲ. ಆದದ್ದೆಲ್ಲ ಮರೆತಿದ್ದಾನಂತೆ, ನೀನೂ ಮರೆಯಬೇಕಂತೆ. ಆಸ್ಪತ್ರೆಯ ನರ್ಸ್ ಕೆಲಸದ ಮಾತು ಮಾತ್ರ ಸದ್ಯಕ್ಕೆ ಬೇಡ, ಮುಂದೆ ನೋಡೋಣ ಎನ್ನುತ್ತಾನೆ. ತಿಂಗಳ ಕೊನೆಯೊಳಗೆ ನೀನು ಬಂದುಬಿಡಬೇಕು, ಬಸ್ ಸ್ಟ್ಯಾಂಡಿಗೆ ತಾನೇ ಬರುತ್ತೇನೆ ಎಂದಿದ್ದಾನೆ. ನಾಲ್ಕು ಜನ ಕೇಳಿದರೆ ಉತ್ತರ ಕೊಡುವುದು ಕಷ್ಟವಾಗಿದೆ ಎಂದೂ ಬರೆಯಲು ಹೇಳಿದ.

ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣು ಒಣಗಿರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಪುಟ್ಟೀ, ಅವನು ಓದಿ, ಚೆನ್ನಾಗಿದೆ ಎಂದು ಲಕೋಟೆಗೆ ಹಾಕಿದ. ಅಷ್ಟರಲ್ಲಿ ಕಿಟಕಿ ಗಾಜು ಒಡೆದಿದೆ ಎಂದು ಯಾರೋ ಬಂದರು. ಗೋಂದು ಹಚ್ಚಿಡು ಎಂದು ಹೇಳಿ ಅಳತೆಗೆ ಹೋಗಿದ್ದಾನೆ. ಬೇಗ ಬರೆಯುತ್ತೇನೆ, ಅಕ್ಷರ ನೋಡಬೇಡ.

ದಫೇದಾರ ಸತ್ತು ಐದು ದಿನವಾಯಿತು. ಅದು ದುಂಡಗಾದದ್ದಲ್ಲಮ್ಮಾ, ಊದಿಕೊಂಡದ್ದು. ಕಣ್ಣು ಹೊರಗೆ ಬಂದಿತ್ತು. ತಿನ್ನುವುದು ಬಿಟ್ಟು ವಾರವಾಗಿತ್ತು. ಮೀನಿನ ಆಹಾರ ಮಾರುವ ಅಂಗಡಿಯವಳನ್ನು ಹೋಗಿ ಕೇಳಿದೆ. "ಸಮುದ್ರದ ಮೀನನ್ನ ಸಿಹಿನೀರಲ್ಲಿ ಬಿಟ್ರೆ ನೀರು ಅದರ ಮೈಯೊಳಗೆ ನುಗ್ತಾನೇ ಇರುತ್ತೆ ಅಜ್ಜಿ, ಅದನ್ನ ಹೊರಗೆ ಹಾಕೋಕೆ ಅದಕ್ಕೆ ಆಗಲ್ಲ. ನಿಧಾನವಾಗಿ ಹಾಕಿದ್ರೆ ನಿಧಾನವಾಗಿ ಸಾಯುತ್ತೆ, ಅಷ್ಟೇ," ಎಂದಳು. ಮಂಡಿನೋವು ಮರೆತು ಓಡಿಬಂದೆ. ನಿನ್ನ ಬಕೆಟ್ಟಿನಲ್ಲಿ ಉಪ್ಪು ಕದಡಿ ಅದನ್ನು ಬಿಟ್ಟೆ. ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದೆ. ಉಳಿಯಲಿಲ್ಲ. ಬದುಕಿದೆ ಎಂದೇ ಬರೆ, ಅದರ ಆಸೆಗಾದರೂ ಬರುತ್ತಾಳೆ ಎಂದ ನಿನ್ನ ಗಂಡ.

ಚೊಂಬು ಹಿಡಿದದ್ದು ನನ್ನ ಕೈ, ಪುಟ್ಟೀ. ನೀನು ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದುಕೊಂಡು, "ಅತ್ತೆ, ನನ್ನ ಕೈಲಿ ಆಗ್ತಿಲ್ಲ," ಅಂದಾಗ, ಹೊಂದಿಕೊಂಡು ಹೋಗು ಎಂದವಳೂ ನಾನೇ. ಮೊದಲು ಕೆಲಸ ಬಿಡಿಸಿದ, ಆಮೇಲೆ ಗೆಳತಿಯರನ್ನು ಬಿಡಿಸಿದ, ಆಮೇಲೆ ನೀನು ನಗುವುದನ್ನೇ ಬಿಟ್ಟೆ. ನಾನು ಎಲ್ಲರ ಹತ್ತಿರ, ಸೊಸೆ ಈಗ ತಗ್ಗಿ ಬಗ್ಗಿ ನಡೆಯುತ್ತಾಳೆ ಎಂದು ಹೇಳಿಕೊಂಡು ತಿರುಗಿದೆ. ಮಗ ಒಂದು ದಿನವೂ ಕೈ ಎತ್ತಿದವನಲ್ಲ ಎಂದು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಬರಬೇಡ. ಅವನು ಬಂದು ಕರೆದರೂ ಬರಬೇಡ. ಅವನ ಬೀರುವಿನಿಂದ ನಿನ್ನ ನರ್ಸಿಂಗ್ ಸರ್ಟಿಫಿಕೇಟುಗಳನ್ನು ತೆಗೆದು ಎದುರುಮನೆಯ ಟೈಲರಮ್ಮನ ಕೈಗೆ ಕೊಟ್ಟಿದ್ದೇನೆ, ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಾಳೆ. ಕೈಗೆ ಬಂದ ದಿನವೇ ಕೆಲಸ ಹುಡುಕಲು ಹೊರಡು. ನನ್ನ ಚಿಂತೆ ಬೇಡ, ಹೆತ್ತ ತಾಯಿಯನ್ನು ಅವನೇನು ಮಾಡಿಯಾನು. ನೀನಿಲ್ಲದೆ ಈ ಮನೆಯಲ್ಲಿ ನನಗೆ ಹೊತ್ತು ಹೋಗುವುದಿಲ್ಲ, ಅದು ನಿಜ. ಆದರೂ ಬರಬೇಡ. ಇದಕ್ಕೆ ಉತ್ತರವನ್ನೂ ಬರೆಯಬೇಡ, ಕಾಗದ ಮೊದಲು ಸಿಗುವುದು ಅವನ ಕೈಗೆ. ಸ್ಕೂಟರಿನ ಸದ್ದು ಕೇಳಿಸುತ್ತಿದೆ. ಇನ್ನು ಮುಂದೆ ಬಾ ಎಂದು ನನ್ನ ಅಕ್ಷರದಲ್ಲಿ ಕಾಗದ ಬಂದರೆ, ಅದು ನಿನ್ನ ಅತ್ತೆ ಬರೆದದ್ದಲ್ಲ ಎಂದು ತಿಳಿದು ಒಲೆಗೆ ಹಾಕು.