ಕೊನೆಯ ಹಾಡಿನಲ್ಲಿ ಬಿಟ್ಟ ಜಾಗ

ಟರ್ನರ್ಸ್ ಬೆಂಡ್, ಮಿಸಿಸಿಪಿ
ಭಾನುವಾರ, 15 ಜೂನ್ 1986

ಮೆಂಫಿಸ್ ನಗರದ ಮಹಾಗಾಯಕ, ಗಿಟಾರ್ ಧುರಂಧರ, ಮೂರು ವರ್ಷದಿಂದ ಮನೆಯ ದಾರಿ ಮರೆತಿರುವ ನನ್ನ ಗಂಡ ಲೆವರ್ಟನಿಗೆ,

ಇಡೆಲ್ಲಾಳ ನಮಸ್ಕಾರ. ಬಗ್ಗಿ ಮಾಡಿದ್ದಲ್ಲ, ನೆಟ್ಟಗೆ ನಿಂತೇ ಮಾಡಿದ್ದು.

ನಿನ್ನ ರೆಕಾರ್ಡು ಬಂತು, ಜೊತೆಗೆ ಕಾಗದವೂ ಬಂತು. ಊರವರು ಏನನ್ನುತ್ತಾರೆ ತಿಳಿಸು ಎಂದಿದ್ದೀಯ. ಕೊನೆಯ ಹಾಡಿನಲ್ಲಿ ಪ್ರತಿ ಸಾಲಾದ ಮೇಲೆ ನೀನು ಬಿಟ್ಟ ಖಾಲಿ ಜಾಗಕ್ಕೆ ಪೇಟೆಯವರೆಲ್ಲ ಮೂಗು ಮುರಿದರಂತೆ. ಬರುವ ಶನಿವಾರ ಕಂಪನಿಯವರು ಅಲ್ಲಿಗೆ ಕಾಮಿಲ್ ಎಂಬ ಹುಡುಗಿಯ ದನಿ ತುಂಬಿಸಿ ರೇಡಿಯೋಗೆ ಕಳಿಸುತ್ತಾರಂತೆ. ಬೇಡವೆನ್ನಲು ನಿನ್ನ ಬಳಿ ಕಾರಣವಿಲ್ಲವಂತೆ. ಆಹಾ, ಕಾಮಿಲ್! ಉಳಿದ ಕಾಗದವೆಲ್ಲ ಕೋಳಿ ಕೆದರಿದ ಹಾಗಿದೆ, ಆ ಒಂದು ಹೆಸರು ಮಾತ್ರ ಮದುವೆ ಕರೆಯೋಲೆಯ ಅಕ್ಷರ!

ನನಗೆ ಹೇಗನ್ನಿಸಿತು ಎಂದು ನೀನು ಕೇಳಿಲ್ಲ. ಊರವರದ್ದು ಕೇಳಿದ್ದೀಯ. ತಗೋ, ಊರವರದ್ದೇ ತಗೋ!

ಮೊದಲು ಕ್ಷೌರದಂಗಡಿ ರೂಫಸ್. ನಾನು ಬೀದಿಯಲ್ಲಿ ಹೋಗುತ್ತಿದ್ದರೆ, ಅರ್ಧ ಬೋಳಿಸಿದ ತಲೆಯೊಂದನ್ನು ಹಾಗೇ ಬಿಟ್ಟು ಕತ್ತಿ ಹಿಡಿದುಕೊಂಡೇ ಹೊರಗೆ ಓಡಿ ಬಂದ. "ಅಲ್ಲ ಕಣಮ್ಮಾ ಇಡೆಲ್ಲಾ, ನಿನ್ನ ಗಂಡನ ಗಿಟಾರು ಅಳ್ತದೆ, ನಿಜವಾಗ್ಲೂ ಅಳ್ತದೆ. ಆದ್ರೆ ಅದು ಅಳ್ತಿರೋವಾಗ ಇವನು ಪಕ್ಕದಲ್ಲಿ ಹಲ್ಲು ಕಿರೀತಾ ಹಾಡ್ತಾನಲ್ಲ, ಅದೇನು ಸಾವಿನ ಮನೇನೋ ಮಿಠಾಯಿ ಅಂಗ್ಡಿನೋ?" ಎಂದ. ಒಳಗಿನಿಂದ ಅರ್ಧ ತಲೆಯವನು, "ನಂಗೆ ಮಿಠಾಯಿನೇ ಇಷ್ಟ, ನೀನು ಬಂದು ಕೆಲಸ ನೋಡು!" ಎಂದು ಕೂಗಿದ. ನಾನು ನಕ್ಕೆ. ಹೆಂಡತಿಯ ಬೆನ್ನನ್ನೂ ಅಷ್ಟು ಮೆಲ್ಲಗೆ ಸವರದ ನಿನ್ನ ಆ ಬೆರಳುಗಳನ್ನು ಅವರಿಬ್ಬರೂ ಹೊಗಳಿದಾಗ ಮಾತ್ರ ನಗು ಬರಲಿಲ್ಲ.

ಇನ್ನು ನಿನ್ನೆಯ ದರ್ಬಾರು! ಚರ್ಚಿನ ಹಿಂದೆ ಮೀನು ಕರಿಯುವ ಶನಿವಾರ. ದೊಡ್ಡ ಬಾಣಲೆ ನನ್ನ ವಶ. ಯಾರೋ ಮರದಡಿಗೆ ರೆಕಾರ್ಡ್ ಪ್ಲೇಯರು ತಂದಿಟ್ಟು ನಿನ್ನನ್ನು ತಿರುಗಲು ಬಿಟ್ಟರು. ಹರೆಯದವರು, "ಅಜ್ಜಂದಿರ ಕಾಲದ್ದು" ಎಂದರು. ಅಜ್ಜಂದಿರು, "ಹುಡುಗಾಟ" ಎಂದರು. ಮೂರನೇ ಹಾಡಿನಲ್ಲಿ ನೀನು ದನಿಯನ್ನು ಜೇನಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಾಗ ನಮ್ಮ ಮದರ್ ಪರ್ನೆಲ್, ಮುಂದಿನ ಬೆಂಚಿನ ಆ ಹಿರಿಯಜ್ಜಿ, ಬೀಸಣಿಗೆ ಎತ್ತಿ, "ಇವನನ್ನ ನೀನೇ ಕಾಪಾಡಪ್ಪಾ ಯೇಸುವೇ!" ಎಂದುಬಿಟ್ಟಳು. ಹಾಡುತ್ತಿರುವವನಿಗೆ ಚರ್ಚಿನಲ್ಲಿ ಆ ಮಾತು ಬಿದ್ದರೆ, ಇವನ ಕೈಲಿ ಆಗುತ್ತಿಲ್ಲ ಎಂದೇ ಅರ್ಥ, ನಿನಗೆ ಗೊತ್ತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನಗೆ ಸಂತೋಷವಾಯಿತು, ಲೆವರ್ಟ್. ಬಾಣಲೆಯ ಹೊಗೆಯಲ್ಲಿ ಮುಖ ಮುಚ್ಚಿಕೊಂಡು ಸಂತೋಷಪಟ್ಟೆ.

ಆ ಸಂತೋಷ ಐದನೇ ಹಾಡಿನ ತನಕ. ಕೆಂಪು ಚಪ್ಪಲಿ ಹಾಕಿಕೊಂಡು ಮಳೆಯಲ್ಲಿ ಓಡಿ ಬರುತ್ತಾಳಲ್ಲ ಒಬ್ಬಳು, ಯಾರವಳು? ನನ್ನ ಜನ್ಮದಲ್ಲಿ ನಾನು ಕೆಂಪು ಚಪ್ಪಲಿ ಮೆಟ್ಟಿಲ್ಲ. ಹೆಂಗಸರೆಲ್ಲ ಒಮ್ಮೆಗೇ ನನ್ನ ಕಾಲು ನೋಡಿದರು. ಆಸ್ಪತ್ರೆ ಅಡುಗೆಮನೆಯ ಬಿಳಿ ಬೂಟು, ಅದರ ಮೇಲೆ ಹಿಟ್ಟು. ವರ್ಲೀನ್, ಮದುವೆಗೆ ಮುಂಚೆ ನಿನ್ನ ಹಿಂದೆ ಸುತ್ತುತ್ತಿದ್ದ ಅದೇ ವರ್ಲೀನ್, ಮೀನಿನ ಮೇಲೆ ಖಾರದ ನೀರು ಚಿಮುಕಿಸುತ್ತಾ, "ನಂಗೊಂದು ಜೊತೆ ಕೆಂಪು ಚಪ್ಲಿ ಇತ್ತು ಅಕ್ಕಾ, ಮರ್ತೇ ಹೋಗಿತ್ತು ನೋಡು" ಎಂದಳು. ಇಲ್ಲ ಲೆವರ್ಟ್, ಕಾದ ಎಣ್ಣೆ ಎರಚಲಿಲ್ಲ. ಕ್ರೈಸ್ತಳಾಗಿ ಹುಟ್ಟಿದ್ದೇನೆ.

ಆಮೇಲೆ ಕೊನೆಯ ಹಾಡು.

ಬರೀ ಗಿಟಾರು, ಬರೀ ನೀನು. ಜೇನಿಲ್ಲ, ಪಾಕವಿಲ್ಲ. ಒಂದು ಸಾಲು ಹಾಡಿದೆ, ನಿಲ್ಲಿಸಿದೆ. ನಿಲ್ಲಿಸಿಯೇ ಇದ್ದೆ. ಪೇಟೆ ಪೇಪರಿನವನು ಇದಕ್ಕೇ ಅಲ್ಲವೇ ಬರೆದದ್ದು, ಗಾಯಕನಿಗೆ ಸಾಹಿತ್ಯ ಮರೆತು ಹೋಗಿರಬೇಕು ಎಂದು? ಅವನು ಯಾವ ಊರಿನವನೋ! ನಮ್ಮ ಚರ್ಚಿನಲ್ಲಿ ಒಬ್ಬ ಸಾಲೆತ್ತಿ ನಿಂತನೆಂದರೆ ಓಗೊಡದೆ ಕೂರುವುದು, ಬಾಗಿಲು ಬಡಿಯುವವನನ್ನು ಹೊರಗೇ ನಿಲ್ಲಿಸಿದ ಹಾಗೆ. ಮರದಡಿಯಲ್ಲಿ ನಗುತ್ತಿದ್ದ ಬಾಯಿಗಳೆಲ್ಲ ಮುಚ್ಚಿದವು. ರೂಫಸ್ ಕೂಡ ಟೀ ಲೋಟ ಕೆಳಗಿಟ್ಟ. ಎರಡನೇ ಸಾಲಿನ ಹೊತ್ತಿಗೆ ಮುದುಕರ ಗಂಟಲಲ್ಲಿ ಗುನುಗು ಶುರುವಾಯಿತು.

ಮೂರನೇ ಸಾಲಿಗೆ ಎದ್ದು ನಿಂತವಳು ಯಾರು? ವರ್ಲೀನ್! ಸೊಂಟದ ಮೇಲೆ ಕೈಯಿಟ್ಟು, ರೆಕಾರ್ಡು ತಿರುಗುವುದನ್ನು ನಿಲ್ಲಿಸಿ ತನ್ನನ್ನೇ ನೋಡುತ್ತದೇನೋ ಎಂಬಂತೆ ಕತ್ತು ಓರೆ ಮಾಡಿ, ಆ ಜಾಗಕ್ಕೆ ತನ್ನ ದನಿ ಸುರಿದಳು. ಮದುವೆಗೂ ಮೊದಲಿನಿಂದ ಪ್ರತಿ ಭಾನುವಾರ ನೀನು ಗಿಟಾರು ಹಿಡಿದು ಸಾಲೆತ್ತಿದಾಗ, ಚರ್ಚಿನ ಮೇಳದ ಎಡತುದಿಯಿಂದ ಯಾವಳು ಓಗೊಡುತ್ತಿದ್ದಳೋ ಅವಳ ಜಾಗಕ್ಕೆ! ಹೇಗೆ ಹಾಡಿದಳು ಎಂದು ಕೇಳಬೇಡ. ಚೆನ್ನಾಗಿಯೇ ಹಾಡಿದಳು. ಅದೇ ನನ್ನ ಹೊಟ್ಟೆಗೆ ಕಿಚ್ಚಿಟ್ಟಿತು. ಕೆಟ್ಟದಾಗಿ ಹಾಡಿದ್ದರೆ ತಬ್ಬಿಕೊಳ್ಳುತ್ತಿದ್ದೆ.

ಆಗ ಮದರ್ ಪರ್ನೆಲ್ ಎದ್ದಳು. ಪ್ಲೇಯರಿನ ಮುಳ್ಳು ಎತ್ತಿದಳು. "ಕೂತ್ಕೊಳ್ಳೇ ವರ್ಲೀನ್. ಆ ಜಾಗ ನಿಂದಲ್ಲ. ಬಾಣಲೆ ಹತ್ರ ನಿಂತವಳದ್ದು" ಎಂದಳು. ನನ್ನ ಕಡೆ ತಿರುಗಿ, "ಮಗಳೇ, ಕರೀತಿದಾನೆ. ಬರ್ತೀಯೋ, ಇಲ್ಲಾ ಮೀನು ಸೀಯಿಸ್ತೀಯೋ?" ಎಂದಳು.

ಊರಿಗೆ ಊರೇ ನನ್ನನ್ನು ನೋಡುತ್ತಿತ್ತು. ಮುಳ್ಳು ಮತ್ತೆ ಇಳಿಯಿತು. ನೀನು ಮತ್ತೆ ಮೊದಲ ಸಾಲು ಹಾಡಿದೆ. ನಾನು ಏನು ಮಾಡಿದೆ ಗೊತ್ತೇ? "ನನ್ನ ಬಾಯಲ್ಲಿ ಮೀನಿದೆ" ಎಂದೆ. ಇರಲಿಲ್ಲ. ಅಡುಗೆಯ ಏಪ್ರನ್ನು ಬಿಚ್ಚಿ ಬೆಂಚಿನ ಮೇಲೆಸೆದು ಮನೆಗೆ ನಡೆದುಬಿಟ್ಟೆ. ಹತ್ತಿ ಹೊಲ ದಾಟುವ ತನಕ ನಿನ್ನ ಸಾಲುಗಳು ಬೆನ್ನ ಹಿಂದೆ ಬರುತ್ತಲೇ ಇದ್ದವು, ಒಂದೊಂದಾಗಿ, ನಡುನಡುವೆ ನಿಂತು ನಿಂತು. ಯಾರೂ ಓಗೊಡಲಿಲ್ಲ. ವರ್ಲೀನ್ ಕೂಡ.

ಇಷ್ಟು ಊರವರ ಅಭಿಪ್ರಾಯ. ಅರ್ಧ ಊರಿಗೆ ಹಿಡಿಸಿದೆ, ಅರ್ಧ ಊರಿಗೆ ಇಲ್ಲ, ಮದರ್ ಪರ್ನೆಲ್ ಎರಡೂ ಕಡೆ ಇದ್ದಾಳೆ. ಕಾಮಿಲ್ ವಿಷಯ ನಿನಗೆ ಬಿಟ್ಟದ್ದು. ತುಂಬಿಸಿಕೋ! ಮೆಂಫಿಸ್‌ನಲ್ಲಿರುವ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ತುಂಬಿಸಿಕೋ! ಖಾಲಿ ಜಾಗ ನಿನ್ನದು, ಹಾಡು ನಿನ್ನದು, ಕಂಪನಿ ನಿನ್ನದು. ನನಗೇನಾಗಬೇಕು? ನನಗೆ ಆಸ್ಪತ್ರೆಯಲ್ಲಿ ಕೈತುಂಬ ಕೆಲಸವಿದೆ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಇಡೆಲ್ಲಾ ಪಿಕೆಟ್

ತಾ.ಕ.: ಶನಿವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಬೆಳಗಿನ ಬಸ್ಸು ಮೆಂಫಿಸ್ ಮುಟ್ಟುವ ಹೊತ್ತಿಗೆ ನಿಲ್ದಾಣದಲ್ಲಿರು. ಆ ಹುಡುಗಿಗೆ ಕಾಫಿ ಕೊಟ್ಟು ಹೊರಗೆ ಕೂರಿಸು, ಮರ್ಯಾದೆಯಿಂದಲೇ ಕೂರಿಸು, ತಪ್ಪು ಅವಳದ್ದಲ್ಲ. ಗಿಟಾರಿನ ಶ್ರುತಿ ಸ್ವಲ್ಪ ಇಳಿಸಿ ಆ ಹಾಡನ್ನು ಹೊಸದಾಗಿ ನುಡಿಸಬೇಕಾಗುತ್ತದೆ, ನನ್ನ ಗಂಟಲು ಮೊದಲಿನಷ್ಟು ಮೇಲೆ ಏರುತ್ತಿಲ್ಲ. ನಿನ್ನೆ ಸಂಜೆ ಕದ ಹಾಕಿಕೊಂಡು ನೋಡಿದೆ. ಅಲ್ಲಿಗೆ ಬರುವುದು ಹಾಡಿಗೆ ಮಾತ್ರ. ನೀನು ಮನೆಗೆ ಬರುವ ವಿಚಾರಕ್ಕೆ ನಾನು ಓಗೊಡುವಂತಿಲ್ಲ. ಆ ಸಾಲನ್ನು ನೀನಿನ್ನೂ ಎತ್ತಿಯೇ ಇಲ್ಲ.