ಅತ್ತಿಗೆಯ ಬೆರಳು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಿಂದ ಬೆವರು ಸುರಿಸಿಕೊಂಡು ಬಂದವನು ಹಾಗೆಯೇ ಗಾಳಿಗೆ ನಿಲ್ಲಬೇಡ, ಅಲ್ಲಿ ಗದರುವವರು ಯಾರೂ ಇಲ್ಲ. ಇಲ್ಲಿ ಅಮ್ಮನ ಮಂಡಿನೋವು ಒಂದು ಬಿಟ್ಟರೆ ಎಲ್ಲರೂ ಕ್ಷೇಮ. ನಿನ್ನ ಹೆಂಡತಿಯಂತೂ ಕ್ಷೇಮಕ್ಕಿಂತ ಒಂದು ಕೈ ಮೇಲೆ. ಅದನ್ನೇ ಬರೆಯಲು ಕುಳಿತಿದ್ದೇನೆ, ಓದಿ ನಗಬೇಡ.

ನೀನು ಹೋದ ಮೇಲೆ ಅಪ್ಪನ ಬಂದೂಕು ರಿಪೇರಿ ಅಂಗಡಿಯಲ್ಲಿ ನಿನ್ನ ಜಾಗ ನನ್ನದೇ ಅಂದುಕೊಂಡಿದ್ದೆ. ನಳಿಗೆಗೆ ಎಣ್ಣೆ ಹಾಕುವವಳು ನಾನು, ಮರದ ಹಿಡಿಗೆ ಪಾಲಿಶ್ ಉಜ್ಜುವವಳು ನಾನು. ಆದರೆ ರಿಪೇರಿಯಾದ ಬೇಟೆ ರೈಫಲ್ಲುಗಳನ್ನು ಹಿತ್ತಲ ಮಣ್ಣುದಿಬ್ಬಕ್ಕೆ ಹೊಡೆದು ನೋಡಲು ಅಪ್ಪ ಕರೆದದ್ದು ಅತ್ತಿಗೆಯನ್ನು! ಕಿಟಕಿಯಲ್ಲಿ ನಿಂತು ಎಣ್ಣೆಬಟ್ಟೆ ಹಿಂಡುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಅವತ್ತಿನ ಜೋಡಿನಳಿಗೆ ರೈಫಲ್ಲಿಗೆ ಟ್ರಿಗರ್ ಎರಡು ತಾನೆ, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. "ಒಂದೇ ಬೆರಳಮ್ಮಾ. ಮೊದಲು ಮುಂದಿನದು. ಆ ಗುಂಡು ಹಾರೋ ತನಕ ಹಿಂದೆ ಇನ್ನೊಂದಿದೆ ಅನ್ನೋದೇ ಬೆರಳಿಗೆ ಗೊತ್ತಿರಬಾರದು. ಹಿಡಿತ ಸಡಿಲ ಆಯ್ತೋ, ಬಂದೂಕು ಒದ್ದ ರಭಸಕ್ಕೆ ಬೆರಳು ಹೋಗಿ ಅದಕ್ಕೂ ತಗುಲುತ್ತೆ" ಎಂದು ಎಷ್ಟು ನಯವಾಗಿ ಹೇಳಿಕೊಟ್ಟರು ಗೊತ್ತಾ? ನನಗೆ ಯಾವತ್ತಾದರೂ ಹಾಗೆ ಹೇಳಿದ್ದುಂಟಾ? ಅವಳ ಎರಡು ಗುಂಡೂ ದಿಬ್ಬಕ್ಕೆ ಒರಗಿಸಿದ್ದ ಗುರಿಯ ರಟ್ಟಿನ ಮೇಲೆ ಅಕ್ಕಪಕ್ಕ ಕೂತವು. "ಬೆರಳಲ್ಲೇ ಬುದ್ಧಿ ಇದೆ" ಎಂದು ಊಟಕ್ಕೆ ಕೂತಾಗಲೂ ಅದೇ ಮಾತು.

ಹೋದ ಸೋಮವಾರ ಅಪ್ಪ ಪೇಟೆಗೆ ಹೋಗಿದ್ದಾಗ ಅದೇ ರೈಫಲ್ ಎತ್ತಿಕೊಂಡೆ. ಒಂದು ಬೆರಳಲ್ಲಿ ಅವಳು ಮಾಡಿದ್ದನ್ನು ಎರಡು ಬೆರಳಲ್ಲಿ ಇನ್ನೂ ಬೇಗ ಮಾಡಿ ತೋರಿಸುತ್ತೇನೆ ಎಂಬ ಜಂಬ. ಎರಡು ಟ್ರಿಗರಿಗೂ ಒಂದೊಂದು ಬೆರಳಿಟ್ಟೆ. ಎರಡು ನಳಿಗೆಯ ಗುಂಡೂ ಒಟ್ಟಿಗೆ ಹಾರಿದವು ಅಣ್ಣಾ! ಅಂಗಾತ ಬಿದ್ದೆ. ಅತ್ತಿಗೆ ಓಡಿ ಬಂದು ಮೊದಲು ಬಂದೂಕು ಕಸಿದು, ತೆರೆದು, ತೋಟಾ ತೆಗೆದಳು. ಆಮೇಲೆ ನನ್ನನ್ನು ಎತ್ತಿದಳು. ಅಪ್ಪ ಬಂದಾಗ "ಮಾವ, ಹೊಡಿ ಅಂತ ನಾನೇ ಅವಳಿಗೆ ಹೇಳಿದ್ದು" ಎಂದು ಬೈಗುಳವನ್ನೂ ತಾನೇ ಹೊತ್ತುಕೊಂಡಳು. ನನಗೆ ಇನ್ನಷ್ಟು ಉರಿಯಿತು. ಒಳ್ಳೆಯತನದಲ್ಲೂ ನನಗಿಂತ ಮುಂದಿರಬೇಕಾ?

ಅಪ್ಪ ಅದನ್ನು ನಂಬಲಿಲ್ಲ. ಸಂಜೆ ನನ್ನ ಊದಿದ ಭುಜಕ್ಕೆ ಒದ್ದೆಬಟ್ಟೆ ಹಾಕುತ್ತಾ ತಲೆ ತಗ್ಗಿಸಿಯೇ ಹೇಳಿದರು: "ಅವಳು ಹೊಡೆಯುವಾಗ ನಾನು ಬೆರಳು ನೋಡ್ತೀನಿ. ನೀನು ಬಂದೂಕು ಹಿಡಿದ್ರೆ ನಿನ್ನ ಮುಖ ಬಿಟ್ಟು ಬೇರೇನೂ ಕಾಣಲ್ಲ. ಹೇಗೆ ಕಲಿಸಲಿ ಹೇಳು?" ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಹೀಗಾಗಿ ಈಗ ನನ್ನ ಗುರು ಅತ್ತಿಗೆ! ಖಾಲಿ ತೋಟಾ ಹಾಕಿಸಿ ಬೆರಳು ಪಳಗಿಸಿದಳು. ನೋವು ಇಳಿದ ಮೇಲೆ, ನಿನ್ನೆ, ಹಗುರದ ರೈಫಲ್ಲಿನಲ್ಲಿ ನಿಜವಾದ ಗುಂಡು. ಅಪ್ಪ ಅಂಗಡಿಯೊಳಗೆ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದರು. ಎರಡು ಸದ್ದು ಬೇರೆ ಬೇರೆಯಾಗಿ ಕೇಳಿದ ಮೇಲೆಯೇ ಹೊರಗೆ ಬಂದದ್ದು. ಒಂದು ರಟ್ಟಿಗೆ ಬಿತ್ತು, ಇನ್ನೊಂದು ಮಣ್ಣಿಗೆ. ಅವಳದು ಎರಡೂ ರಟ್ಟಿಗೇ, ಬಿಡು.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ

ಮರೆತಿದ್ದೆ: ನಿನ್ನ ಕಾಗದಗಳೆಲ್ಲ ಅವಳ ಹೆಸರಿಗೇ ಬರುತ್ತವೆ. ಕೊನೆಯಲ್ಲಿ "ತಂಗಿಯನ್ನು ಕೇಳಿದೆ ಅಂತ ಹೇಳು" ಎಂದಿರುತ್ತದೆ, ಅಷ್ಟನ್ನು ಅವಳು ನನಗೆ ಓದಿ ಹೇಳುತ್ತಾಳೆ. ನನ್ನ ಹೆಸರಿಗೂ ಒಂದು ಬರಿ ಅಣ್ಣಾ. ಅರ್ಧ ಪುಟವಾದರೂ ಸಾಕು, ಅಂಟಿಸಿ ಕಳಿಸು.